ಯಾವ ಕಡೆಯ ಏರಿಕೆ?

ಕೊಡಗಿನಲ್ಲಿ ಮಳೆ ಎಷ್ಟಾಯಿತು ಎಂದು ಕೇಳಿ ನೋಡಿ. ‘ಯಾವ ಕಡೆ?’ ಎಂಬ ಮರುಪ್ರಶ್ನೆ ಬರುತ್ತದೆ. ಮಳೆಮಾಪಕ ಇಟ್ಟು ಇಂಚು, ಸೆಂಟುಗಳಲ್ಲಿ ಲೆಕ್ಕ ಬರೆಯುವ ತೋಟದವರಿಗೆ ಇದು ಗೊತ್ತು. ಪಶ್ಚಿಮದ ಭಾಗಮಂಡಲದ ಮಳೆ ಪೂರ್ವದ ಕುಶಾಲನಗರದ ಮಳೆಯ ಹಲವು ಪಟ್ಟು. ಜಿಲ್ಲೆಗೆಲ್ಲ ಒಂದೇ ಸರಾಸರಿ ಹೇಳಿದರೆ ಅದು ಇಬ್ಬರ ಮಳೆಯೂ ಅಲ್ಲ.

ಗಣಿತದಲ್ಲಿ ಫಲನಗಳ ಕಥೆಯೂ ಹೀಗೇ. ಫಲನ ಎಂದರೆ ಒಂದು ಬೆಲೆ ಕೊಟ್ಟರೆ ಇನ್ನೊಂದು ಬೆಲೆ ಕೊಡುವ ನಿಯಮ. ಬದಲಾಗುವ ಅಂಶ, ಅಂದರೆ ಚರ, ಎರಡಾದರೆ ‘ಎಷ್ಟು ಬೇಗ ಬೆಳೆಯುತ್ತದೆ?’ ಎಂಬುದಕ್ಕೆ ಒಂದೇ ಉತ್ತರ ಸಾಲದು. 2ನ್ನು ‘ಅ’ ಘಾತಕ್ಕೆ ಏರಿಸಿ, ‘ಬ’ದಿಂದ ಗುಣಿಸಿ. ಎರಡೂ 1 ಇದ್ದಾಗ ಫಲ 2. ‘ಬ’ ಮಾತ್ರ 10ಕ್ಕೇರಿದರೆ 20. ‘ಅ’ ಮಾತ್ರ 10ಕ್ಕೇರಿದರೆ 1024!

ಇಂಥ ಬೆಳವಣಿಗೆಯನ್ನು ಅಳೆಯುವುದು ಬಹುಚರ ಸಂಕೀರ್ಣ ವಿಶ್ಲೇಷಣೆಯ ಒಂದು ಕೆಲಸ. ಇಲ್ಲಿಯ ಸಂಖ್ಯೆಗಳು ಮೈನಸ್ 1ರ ವರ್ಗಮೂಲವನ್ನೂ ಒಳಗೊಂಡ ಸಂಕೀರ್ಣ ಸಂಖ್ಯೆಗಳು. ಎಲ್ಲೂ ಮುರಿಯದೆ ನಯವಾಗಿ ಬದಲಾಗುವ ಫಲನಗಳಿಗೆ ವೈಶ್ಲೇಷಿಕ ಎಂದು ಹೆಸರು. 1906ರಲ್ಲಿ ಜರ್ಮನಿಯ ಫ್ರಿಟ್ಜ್ ಹಾರ್ಟೋಗ್ಸ್ ಒಂದು ಬೆರಗಿನ ಸಂಗತಿ ಸಾಧಿಸಿದರು. ಒಂದೊಂದೇ ಚರವನ್ನು ಬದಲಿಸಿದಾಗ ಫಲನ ವೈಶ್ಲೇಷಿಕವಾಗಿದ್ದರೆ, ಎಲ್ಲವೂ ಒಟ್ಟಿಗೆ ಬದಲಾದಾಗಲೂ ಅದು ವೈಶ್ಲೇಷಿಕವೇ. ಈ ಕ್ಷೇತ್ರದ ಸಂಶೋಧನೆಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೌಶಲ್ ವರ್ಮ 2014ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದರು.

ದಿನಬಳಕೆಯ ಸಂಖ್ಯೆಗಳಲ್ಲಿ ಈ ಭರವಸೆ ಇಲ್ಲ. ‘ಅ’ ಮತ್ತು ‘ಬ’ಗಳ ಗುಣಲಬ್ಧವನ್ನು ಅವುಗಳ ವರ್ಗಗಳ ಮೊತ್ತದಿಂದ ಭಾಗಿಸಿ; ಎರಡೂ ಸೊನ್ನೆಯಾದಲ್ಲಿ ಫಲ ಸೊನ್ನೆ ಎನ್ನಿ. ಸೊನ್ನೆಯಿಂದ ‘ಅ’ದ ದಾರಿಯಲ್ಲೇ ನಡೆದರೆ ಫಲ ಸೊನ್ನೆ, ‘ಬ’ದ ದಾರಿಯಲ್ಲೂ ಸೊನ್ನೆ. ಎರಡನ್ನೂ ಸಮವಾಗಿ ಕೂದಲೆಳೆಯಷ್ಟು ಏರಿಸಿದರೂ ಸಾಕು, ಫಲ ಥಟ್ಟನೆ ಅರ್ಧಕ್ಕೆ ಜಿಗಿಯುತ್ತದೆ.

ಗುಡ್ಡದ ಲೆಕ್ಕ ಈ ಎರಡನೆಯ ಜಾತಿಯದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಮನೆ, ತೋಟ, ಜೀವಗಳನ್ನು ಕೊಂಡೊಯ್ದವು. ಸುರಿದ ಮಳೆ, ಇಳಿಜಾರು, ನೆನೆದ ಮಣ್ಣು, ರಸ್ತೆಗಾಗಿ ಕಡಿದ ಬರೆ – ಇವನ್ನು ಒಂದೊಂದಾಗಿ ನೋಡಿ ‘ಪರವಾಗಿಲ್ಲ’ ಎನ್ನುವುದು ಸುಲಭ. ಎಲ್ಲವೂ ಒಟ್ಟಿಗೆ ಏರಿದರೆ ಏನಾದೀತು? ಬರೆಗೆ ಜೆಸಿಬಿ ಹಚ್ಚುವ ಮುನ್ನ ಕೇಳಬೇಕಾದ ಪ್ರಶ್ನೆ ಇದು.