ಅಟ್ಟದ ಮೇಲಿನ ಏರ್‌ಗನ್ನು

ರಜೆಯಲ್ಲಿ ಊರಿಗೆ ಹೋದ ಉಪನ್ಯಾಸಕನಿಗೆ ವಿಶ್ರಾಂತಿ ದೊರೆಯುವುದೆಂದು ನಂಬಿದವರು ಅಡಕೆ ತೋಟದ ಮನೆಯಲ್ಲಿ ಹುಟ್ಟಿದವರಲ್ಲವೆಂದೇ ತಿಳಿಯಬೇಕು. ಕಳೆದ ದೀಪಾವಳಿಗೆ ನಾನು ನೆಟ್ಟಣದಲ್ಲಿ ರೈಲಿನಿಂದಿಳಿದು, ಮನೆ ಸೇರಿ, ಕೈಕಾಲು ತೊಳೆಯುವಷ್ಟರಲ್ಲಿಯೇ ತಂದೆಯವರು ಅಟ್ಟದತ್ತ ಬೆರಳು ತೋರಿಸಿದರು.

"ಅಜ್ಜನ ಏರ್‌ಗನ್ನು ಮೇಲಿದೆ. ಒಮ್ಮೆ ಸರಿಮಾಡಿ ಕೊಡು. ಈ ವರ್ಷ ಮಂಗಗಳ ಕಾಟ ಹೇಳತೀರದು."

ಹಳಗನ್ನಡದ ವ್ಯಾಕರಣ ಹೇಳಿಕೊಡುವವನಿಗೆ ಕೋವಿಯ ವ್ಯಾಕರಣವೂ ತಿಳಿದಿರಬೇಕೆಂದು ಅವರು ಹೇಗೆ ಭಾವಿಸಿದರೋ! ಆದರೆ ಎಪ್ಪತ್ತೈದರ ತಂದೆ ಕೇಳಿದ್ದಕ್ಕೆ ಇಲ್ಲವೆನ್ನುವುದುಂಟೆ?

ನಮ್ಮೂರಿಗೆ ರೈಲುಮಾರ್ಗ ತೆರೆಯುವುದಕ್ಕೂ, ಎಂದರೆ 1979ಕ್ಕೂ, ಬಹಳ ಮೊದಲೇ ಅಜ್ಜ ಅದನ್ನು ಮಂಗಳೂರಿನಿಂದ ತಂದದ್ದಂತೆ. ಜರ್ಮನಿಯ ರಾಸ್ಟಾಟ್ ಪಟ್ಟಣದಲ್ಲಿ 1890ರಲ್ಲಿ ಆರಂಭವಾದ ಕಾರ್ಖಾನೆಯ 'ಡಯಾನಾ' ಕೋವಿ ಅದು. ರೋಮನ್ನರ ಬೇಟೆದೇವತೆ ತನ್ನ ಬಿಲ್ಲನ್ನು ಕೆಳಗೆಸೆದು ಏರ್‌ಗನ್ನನ್ನು ಮೇಲೆತ್ತಿ ಹಿಡಿದ ಚಿತ್ರವೇ ಅದರ ಮುದ್ರೆ. ಅಜ್ಜನಾದರೋ ಆ ದೇವತೆಯ ಕೋವಿಯಿಂದ ಒಂದು ಅಳಿಲನ್ನೂ ಹೊಡೆದವರಲ್ಲ. ಹಲಸಿನ ಮರಕ್ಕೊಂದು ತಗಡು ಕಟ್ಟಿದ್ದರು. ಸೀಸದ ಗುಂಡು ಅದಕ್ಕೆ ತಾಗಿ 'ಠಣ್' ಎಂದರೆ ಮಂಗಗಳು ಕಾಡಿನತ್ತ ಓಟ ಕೀಳುತ್ತಿದ್ದವು. ಸುತ್ತಲಿನ ಕಾಡುಪ್ರಾಣಿಗಳಿಗೆ 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ದೊರೆಯುವುದಕ್ಕೆ ಮುಂಚೆಯೇ ನಮ್ಮ ತೋಟದಲ್ಲಿ ಅಜ್ಜನ ಕಾಯಿದೆ ಜಾರಿಯಲ್ಲಿತ್ತು.

ಕೋವಿಯನ್ನು ಕೆಳಗಿಳಿಸಿ ನಳಿಗೆಯನ್ನು ಬಗ್ಗಿಸಿದೆ. ನರಳುತ್ತ ಬಗ್ಗಿತು. ಟ್ರಿಗರ್ ಒತ್ತಿದರೆ ಗುಂಡು ಅಂಗಳವನ್ನೂ ದಾಟಲಿಲ್ಲ.

ಇದರ ರಚನೆ ಸರಳ. ನಳಿಗೆಯನ್ನು ಬಗ್ಗಿಸಿದಾಗ ಒಳಗಿನ ದಪ್ಪ ಸ್ಪ್ರಿಂಗು ಮುದುಡಿ, ಪಿಸ್ಟನ್ನು ಹಿಂದಕ್ಕೆ ಸರಿದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದೊಡನೆ ಪಿಸ್ಟನ್ನು ಮುಂದಕ್ಕೆ ಚಿಮ್ಮಿ, ಎದುರಿನ ಗಾಳಿಯನ್ನು ಅದುಮಿ, ಸಣ್ಣದೊಂದು ರಂಧ್ರದ ಮೂಲಕ ಗುಂಡಿನ ಬೆನ್ನಿಗೆ ತಳ್ಳುತ್ತದೆ. ಪಿಸ್ಟನ್ನಿನ ತುದಿಯ ಚರ್ಮದ ವಾಷರು ಗಾಳಿ ಸೋರದಂತೆ ತಡೆಯುತ್ತದೆ. ಎಲ್ಲವೂ ಕ್ಷಣಾರ್ಧದ ಓಟ. ಆ ಓಟದ ದಾರಿಯಲ್ಲಿ ಅಂಟು ಕುಳಿತರೆ ಕೋವಿ ಬರಿಯ ಕೊಳವೆ.

ಗ್ರೀಸೆಂದರೆ ಎಣ್ಣೆಯನ್ನು ಹೀರಿಕೊಂಡ ಒಂದು ಬಗೆಯ ಸಾಬೂನು. ವರ್ಷಗಳುರುಳಿದಂತೆ ಎಣ್ಣೆ ಜಾರಿಹೋಗುತ್ತದೆ, ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ನಮ್ಮ ಕೋವಿಯಲ್ಲಿ ಅದು ಹಲಸಿನ ಮೇಣದಂತೆ ಕುಳಿತಿತ್ತು. ಹಲಸಿನ ಮೇಣಕ್ಕೆ ತೆಂಗಿನೆಣ್ಣೆಯೇ ಮದ್ದೆಂದು ಬಲ್ಲ ತಂದೆಯವರು ಹಿಂದೊಮ್ಮೆ ಅದನ್ನೇ ಧಾರಾಳವಾಗಿ ಹೊಯ್ದಿದ್ದರಂತೆ.

"ಆ ದಿನ ಹೊಗೆ ಬಂತು ಮಾರಾಯಾ, ಸದ್ದೂ ಜೋರಿತ್ತು!" ಎಂದು ಹೆಮ್ಮೆಪಟ್ಟರು.

ಅದು ಶಕ್ತಿಯಲ್ಲ, ಅಪಾಯ. ಒಮ್ಮೆಲೇ ಅದುಮಿದ ಗಾಳಿ ಕಾದು, ಎದುರಿದ್ದ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿ ಹೊತ್ತುವಂತೆ ಹೊತ್ತಿಕೊಂಡಿತ್ತು. ಇದರಿಂದ ವಾಷರು ಸುಡುತ್ತದೆ, ಸ್ಪ್ರಿಂಗು ಮುರಿಯುತ್ತದೆ. ಅಳಿದುಳಿದ ತೆಂಗಿನೆಣ್ಣೆಯೋ ಮಾಗಿಯ ಬೆಳಗಿನಲ್ಲಿ ತುಪ್ಪದಂತೆ ಹೆಪ್ಪುಗಟ್ಟುತ್ತದೆ.

ಹಿಂಬದಿಯ ಆಣಿಗಳನ್ನು ಸುತ್ತಿಗೆಯಿಂದ ಬಡಿದು ತೆಗೆಯಲು ನಾನು ಸಿದ್ಧನಾಗಿದ್ದೆ. ಪುತ್ತೂರಿನ ಲೇತ್ ಕೆಲಸಗಾರರೊಬ್ಬರು ತಡೆದರು. "ಮೇಷ್ಟ್ರೇ, ಸುಮ್ಮನಿರುವಾಗಲೂ ಒಳಗಿನ ಸ್ಪ್ರಿಂಗು ಒತ್ತಿಕೊಂಡೇ ಇರುತ್ತದೆ. ಆಣಿ ಕಿತ್ತರೆ ನಿಮ್ಮ ಹಲ್ಲೂ ಕೀಳುತ್ತದೆ." ಅವರು ಉದ್ದನೆಯ ಕ್ಲಾಂಪಿನಲ್ಲಿ ಕೋವಿಯನ್ನು ಬಿಗಿದು, ಆಣಿಗಳನ್ನು ತೆಗೆದು, ತಿರುಪನ್ನು ಮೆಲ್ಲಮೆಲ್ಲನೆ ಸಡಿಲಿಸಿದರು. ಸ್ಪ್ರಿಂಗು ಎರಡು ಬೆರಳಗಲ ಹೊರಬಂದಾಗ ನಾನು ನಾಲಗೆಯಿಂದ ನನ್ನ ಹಲ್ಲುಗಳನ್ನೊಮ್ಮೆ ಎಣಿಸಿಕೊಂಡೆ.

ಉಳಿದದ್ದು ತಾಳ್ಮೆಯ ಕೆಲಸ. ಭಾಗಗಳನ್ನು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿ, ಉಕ್ಕಿಗೆ ಗೀರು ಬೀಳದಂತೆ ಬಿದಿರಿನ ಚಕ್ಕೆಯಿಂದ ಹೆರೆದು, ಬಟ್ಟೆ ಕಪ್ಪಾಗದವರೆಗೆ ಒರೆಸಿದೆವು. ಒಣಗಿದ ಚರ್ಮದ ವಾಷರನ್ನು ತೆಳುವಾದ ಯಂತ್ರದೆಣ್ಣೆಯಲ್ಲಿ ನೆನೆಸಿ, ಹೆಚ್ಚಿನದನ್ನು ಹಿಂಡಿದೆವು. ಸ್ಪ್ರಿಂಗಿಗೆ ಮಾಲಿಬ್ಡಿನಮ್ ಬೆರೆತ ಗ್ರೀಸನ್ನು ಕಾಡಿಗೆಯಷ್ಟೇ ಸವರಿದೆವು. ಪಿಸ್ಟನ್ನಿನ ಎದುರಿಗೆ ಸೋಕಿಸಲಿಲ್ಲ. ಜೋಡಿಸಿದ ಮೇಲೆ ಗುಂಡಿಲ್ಲದೆ ಹಾರಿಸಬಾರದು; ಗುಂಡಿನ ತಡೆಯಿಲ್ಲದಿದ್ದರೆ ಪಿಸ್ಟನ್ನು ನೇರವಾಗಿ ಲೋಹಕ್ಕೆ ಅಪ್ಪಳಿಸುತ್ತದೆ. ಗುಂಡು ಇಡುವಾಗ ಇನ್ನೊಂದು ಕೈ ನಳಿಗೆಯನ್ನು ಬಿಡಬಾರದು. ಕೊಕ್ಕೆ ಜಾರಿದರೆ ಬೆರಳು ಹೋಗುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 0.177 ಅಂಗುಲದ ಬಾಯಿ ಮತ್ತು 20 ಜೂಲ್ ಶಕ್ತಿಯನ್ನು ಮೀರದ ಏರ್‌ಗನ್ನಿಗೆ ಪರವಾನಗಿ ಬೇಡ. ಆದರೆ ಅದು ಆಟಿಕೆಯಲ್ಲ. ಕಣ್ಣು ಕಳೆಯಲು ಅಷ್ಟು ಶಕ್ತಿ ಧಾರಾಳ.

ಮರುದಿನ ಬೆಳಗ್ಗೆ ತಂದೆಯವರು ಕೋವಿಯನ್ನು ಕೈಗೆತ್ತಿಕೊಂಡು ನಳಿಗೆಯನ್ನು ಬಗ್ಗಿಸಿದರು. ಅದು ಅರ್ಧಕ್ಕೆ ಬಂದು ನಿಂತಿತು. ಮತ್ತೊಮ್ಮೆ ಎಳೆದರು, ಕೈ ನಡುಗಿತು.

"ಎಲ್ಲೋ ಇನ್ನೂ ಸ್ವಲ್ಪ ಹಳೆಯ ಗ್ರೀಸು ಉಳಿದಿದೆ" ಎಂದರು.

ಉಳಿದಿರಲಿಲ್ಲ. ಒಂದೊಂದು ಸುರುಳಿಯನ್ನೂ ನಾನೇ ಒರೆಸಿದ್ದೆ.

"ಹೌದಪ್ಪ, ಉಳಿದಿರಬೇಕು" ಎಂದೆ. ಕೋವಿಯನ್ನು ಈಸಿಕೊಂಡು, ನಳಿಗೆ ಬಗ್ಗಿಸಿ, ಗುಂಡಿಟ್ಟು ಕೊಟ್ಟೆ. ಅವರು ಗುರಿಯಿಟ್ಟರು. ತಗಡು 'ಠಣ್' ಎಂದಿತು. ತೆಂಗಿನ ಗರಿಗಳ ನಡುವಿನಿಂದ ನಾಲ್ಕು ಬಾಲಗಳು ಮಾಯವಾದವು. ಅವರ ಮುಖದಲ್ಲಿ ನಾನು ಬಹಳ ದಿನಗಳಿಂದ ಕಾಣದ ಒಂದು ನಗೆ ಮೂಡಿತು. ಆ ಬೆಳಗಿನಲ್ಲಿ ಹನ್ನೆರಡು ಸಲ ನಾನು ಬಗ್ಗಿಸಿದೆ, ಅವರು ಹಾರಿಸಿದರು.

ರಜೆ ಮುಗಿಯಿತು. ಕೋವಿಯನ್ನು ಸಿದ್ಧಗೊಳಿಸಿ ಇಟ್ಟು ಬರುವಂತಿಲ್ಲ; ಅದು ಅಪಾಯ, ಮುದುಡಿದ ಸ್ಪ್ರಿಂಗು ಸೋತೂ ಹೋಗುತ್ತದೆ. ಬೆಂಗಳೂರಿಗೆ ಮರಳಿದ ವಾರಕ್ಕೆ ದೂರವಾಣಿಯಲ್ಲಿ ತಂದೆಯವರ ದನಿ ಕೇಳಿತು.

"ಮಂಗಗಳು ಬರುತ್ತವೆ. ತಗಡಿಗೆ ಕೋಲಿನಿಂದ ಬಡಿದರೂ ಓಡುತ್ತವೆ, ತೊಂದರೆಯಿಲ್ಲ." ಸ್ವಲ್ಪ ತಡೆದು ಮತ್ತೆ ಹೇಳಿದರು: "ಆದರೂ ಆ ಗ್ರೀಸು ಪೂರ್ತಿ ಹೋಗಿಲ್ಲ ನೋಡು. ಮುಂದಿನ ರಜೆ ಯಾವಾಗ?"

ಸಂಕ್ರಾಂತಿಗೆ ರೈಲಿನಲ್ಲಿ ಸ್ಥಳ ಕಾದಿರಿಸಿದ್ದೇನೆ.