ಮೊದಲ ರಿಪೋರ್ಟ್ ಗಂಡನದ್ದೂ ಇರಲಿ

"ವಿಶೇಷ ಏನಾದ್ರೂ ಉಂಟಾ?"

ಮದುವೆಯಾಗಿ ಮೂರು ತಿಂಗಳು ಆಗಲಿಕ್ಕಿಲ್ಲ, ನಮ್ಮಲ್ಲಿ ಈ ಪ್ರಶ್ನೆ ಶುರುವಾಗುತ್ತದೆ. ಮದುವೆ ಮನೆಯಲ್ಲಿ, ಮಯ್ಯತ್ತಿನ ಮನೆಯಲ್ಲಿ, ಈಗಂತೂ ವಿಡಿಯೋ ಕಾಲ್‌ನಲ್ಲಿ. ಕೇಳುವವರಿಗೆ ಕೆಟ್ಟ ಮನಸ್ಸಿಲ್ಲ, ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಯಾರ ಹತ್ತಿರ ಕೇಳುತ್ತಾರೆ ಎಂದು ಒಮ್ಮೆ ಗಮನಿಸಿ. ಸೊಸೆಯ ಹತ್ತಿರ. ಮಗನ ಹತ್ತಿರ ಕೇಳುವವರು ಕಡಿಮೆ. ವರ್ಷ ಒಂದು ಕಳೆದರೆ ಲೇಡಿ ಡಾಕ್ಟರ್, ಎರಡು ಕಳೆದರೆ ಮಂತ್ರಿಸಿದ ನೀರು, ಮೂರು ಕಳೆದರೆ ಇನ್ನೊಂದು ಸಂಬಂಧದ ಪಿಸುಮಾತು. ಇಷ್ಟರ ನಡುವೆ ಗಂಡನ ಒಂದು ಸಾದಾ ಪರೀಕ್ಷೆ ಆಗಿಯೇ ಇರುವುದಿಲ್ಲ.

ಮಾತಾಡಲು ನಾಚಿಕೆಯ ವಿಷಯ ಹೌದು. ಆದರೆ ನಾಚಿಕೆಯಿಂದ ಮನೆಗಳು ಒಡೆಯುತ್ತಿರುವಾಗ ಸುಮ್ಮನಿರುವುದು ಸರಿಯಲ್ಲ ಎಂದು ನಮಗೆ ಅನಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಜೀವನದ ಒಂದು ಹಂತದಲ್ಲಿ ಬಂಜೆತನದ ಸಮಸ್ಯೆ ಎದುರಿಸುತ್ತಾರೆ. ಹಾಗಾದರೆ ನಮ್ಮ ಒಂದೊಂದು ಜಮಾಅತ್‌ನಲ್ಲಿ ಎಷ್ಟು ಮನೆಗಳಿರಬಹುದು, ನೀವೇ ಲೆಕ್ಕ ಹಾಕಿ.

ಲೆಕ್ಕದ ಮಾತು ಬಂತು, ಮೊದಲು ಅದನ್ನೇ ಸರಿಮಾಡೋಣ. ಒಟ್ಟಿಗೆ ಬದುಕುವ ಗಂಡಹೆಂಡತಿ ಯಾವ ತಡೆಯೂ ಇಲ್ಲದೆ 12 ತಿಂಗಳು ಪ್ರಯತ್ನಿಸಿದ ಮೇಲೂ ಗರ್ಭ ನಿಲ್ಲದಿದ್ದರೆ ಮಾತ್ರ ವೈದ್ಯರು ಅದನ್ನು ಸಮಸ್ಯೆ ಎಂದು ಕರೆಯುತ್ತಾರೆ. ಹೆಣ್ಣಿನ ವಯಸ್ಸು 35 ದಾಟಿದ್ದರೆ ಆರು ತಿಂಗಳು ಸಾಕು, ತಡ ಮಾಡಬಾರದು. ನಾವಾದರೋ ನಿಕಾಹ್ ಆದ ದಿನದಿಂದ ವರ್ಷ ಎಣಿಸುತ್ತೇವೆ. ಅಂಡಾಣು ಹೊರಬಂದ ಮೇಲೆ ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ದೇಹದೊಳಗೆ ಐದು ದಿನದವರೆಗೆ ಇರಬಹುದು. ಅಂದರೆ ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಇರುವುದು ಸುಮಾರು ಆರು ದಿನ. ಸೌದಿಯಿಂದ ಒಂದು ತಿಂಗಳ ರಜೆಯಲ್ಲಿ ಬಂದವನಿಗೆ ಸಿಗುವುದು ಅಂಥ ಒಂದೇ ಅವಕಾಶ, ಅದೃಷ್ಟವಿದ್ದರೆ ಎರಡು. "ಮದುವೆಯಾಗಿ ಮೂರು ವರ್ಷವಾಯ್ತು" ಎಂದು ಊರು ಹೇಳುವಾಗ ಆ ಜೋಡಿ ಒಟ್ಟಿಗಿದ್ದದ್ದು ಮೂರೋ ನಾಲ್ಕೋ ತಿಂಗಳಾಗಿರಬಹುದು. ಅಂಥ ಹೆಣ್ಣನ್ನು ಬಂಜೆ ಎಂದು ಕರೆಯಲು ಯಾವ ಡಾಕ್ಟರೂ ಒಪ್ಪುವುದಿಲ್ಲ. ನಾವು ಯಾಕೆ ಕರೆಯಬೇಕು?

ಈಗ ಗಲ್ಫ್ ಬಿಟ್ಟು ಆಸ್ಟ್ರೇಲಿಯಾದ ದಾರಿ ಹಿಡಿದ ನಮ್ಮ ಮಕ್ಕಳ ವಿಷಯಕ್ಕೆ ಬರೋಣ. ಅಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗಬಹುದು, ಒಟ್ಟಿಗೆ ಇರಬಹುದು. ಸಮಸ್ಯೆ ಮುಗಿಯಿತೇ? ಆ ದೇಶದಲ್ಲಿ ಎಪ್ಪಿಂಗ್ ಎಂಬ ಊರು ಎರಡು ಉಂಟು. ಸಿಡ್ನಿಯ ಎಪ್ಪಿಂಗ್ ಮೆಕ್ವಾರಿ ಪಾರ್ಕಿನ ಐಟಿ ಆಫೀಸುಗಳಿಗೆ ಹತ್ತಿರ. ಮೆಲ್ಬರ್ನ್‌ನ ಎಪ್ಪಿಂಗ್‌ನಲ್ಲಿ 2015ರಿಂದ ನಗರದ ತರಕಾರಿ, ಹಣ್ಣು, ಹೂವಿನ ಸಗಟು ಮಾರುಕಟ್ಟೆ ಇದೆ. ಊರೆಲ್ಲ ಮಲಗಿರುವಾಗ ಅಲ್ಲಿ ವ್ಯಾಪಾರ ಆಗುತ್ತದೆ. ಅಂಥ ಕಡೆ ದುಡಿಯುವ ಒಂದು ಜೋಡಿಯನ್ನು ಯೋಚಿಸಿ. ಅವನಿಗೆ ರಾತ್ರಿಯ ಲೋಡಿಂಗ್ ಕೆಲಸ, ಅವಳಿಗೆ ಹಗಲಿನ ಕ್ಲೀನಿಂಗ್ ಕೆಲಸ. ಒಂದೇ ಬಾಡಿಗೆ ಮನೆ, ಭೇಟಿ ಮಾತ್ರ ಅಡುಗೆಮನೆಯಲ್ಲಿ ಹತ್ತು ನಿಮಿಷ. ಊರಿನಿಂದ ಉಮ್ಮನ ಫೋನ್ ಬರುತ್ತದೆ, "ಈಗ ಒಟ್ಟಿಗೇ ಇದ್ದೀರಲ್ಲ, ಮತ್ತೆ ಎಂತ?"

ಇಂಥ ಜೋಡಿಗೆ ನಾವು ಹೇಳುವ ಮೊದಲ ಮಾತು, ಇಬ್ಬರೂ ಒಟ್ಟಿಗೆ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗಿ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ, ಒಂಟಿಯಾಗಿಯೋ ಹೆಣ್ಣಿನ ಕಾರಣದೊಟ್ಟಿಗೋ. ಹೆಣ್ಣಿಗೆ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಟ್ಯೂಬ್ ಪರೀಕ್ಷೆ, ಕೆಲವೊಮ್ಮೆ ಲ್ಯಾಪರೋಸ್ಕೋಪಿ. ನೋವೂ ಉಂಟು, ಖರ್ಚೂ ಉಂಟು. ಗಂಡಸಿಗೆ ಬೇಕಾದದ್ದು ವೀರ್ಯ ಪರೀಕ್ಷೆ, ಸೂಜಿಯೂ ಇಲ್ಲ, ನೋವೂ ಇಲ್ಲ. ಹೆಂಡತಿಯನ್ನು ಆಪರೇಷನ್ ಥಿಯೇಟರಿಗೆ ಕಳಿಸುವ ಮೊದಲು ಈ ಪರೀಕ್ಷೆ ಮಾಡಿಸಿಕೊಳ್ಳದ ಗಂಡಸು ಯಾವ ಮರ್ಯಾದೆ ಉಳಿಸಿಕೊಳ್ಳುತ್ತಾನೆ?

ರಿಪೋರ್ಟ್‌ನಲ್ಲಿ ಕೊರತೆ ಕಂಡರೆ ಗಂಡಸುತನಕ್ಕೆ ಕಳಂಕವೂ ಅಲ್ಲ, ದಾರಿ ಮುಚ್ಚಿತು ಎಂದೂ ಅಲ್ಲ. ಸಿಗರೇಟು ಬಿಡಬೇಕಾಗಬಹುದು. ಜಿಮ್‌ನಲ್ಲಿ ಮೈ ಕಟ್ಟಲು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ವೀರ್ಯಾಣುವನ್ನೇ ಇಲ್ಲದಂತೆ ಮಾಡಬಹುದು, ಇದು ನಮ್ಮ ಹುಡುಗರಿಗೆ ಗೊತ್ತೇ ಇಲ್ಲ. ಬೇಕರಿಯ ಒಲೆ, ತಂದೂರಿನ ಮುಂದೆ ದಿನವಿಡೀ ನಿಲ್ಲುವ ಬಿಸಿಯೂ ತೊಂದರೆ ಕೊಡಬಹುದು. ಹೊಸ ವೀರ್ಯಾಣು ತಯಾರಾಗಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಹಾಗಾಗಿ ಅಭ್ಯಾಸ ಬದಲಿಸಿದ ಮರುವಾರವೇ ಫಲ ಹುಡುಕಬೇಡಿ.

ಎರಡನೆಯ ಮಾತು, ವೀಸಾ ಮತ್ತು ವಯಸ್ಸು. ಈ ಎರಡು ಗಡಿಯಾರ ಒಟ್ಟಿಗೆ ಓಡುತ್ತವೆ. ವಿಕ್ಟೋರಿಯಾ ಸರಕಾರ 2022ರಲ್ಲಿ ಸಾರ್ವಜನಿಕ ಫರ್ಟಿಲಿಟಿ ಸೇವೆ ಆರಂಭಿಸಿತು. ಮೆಲ್ಬರ್ನ್‌ನ ರಾಯಲ್ ವುಮೆನ್ಸ್ ಆಸ್ಪತ್ರೆ ಅದರ ಮುಖ್ಯ ಕೇಂದ್ರ, ಎಪ್ಪಿಂಗ್‌ನ ನಾರ್ದರ್ನ್ ಆಸ್ಪತ್ರೆಯೂ ಅದರ ಜಾಲದಲ್ಲಿದೆ. ಸಿಡ್ನಿಯ ಎಪ್ಪಿಂಗ್‌ನವರಿಗೆ ವೆಸ್ಟ್‌ಮೀಡ್‌ನಲ್ಲಿ ಕೇಂದ್ರ ಉಂಟು. ಆದರೆ ಬಾಗಿಲು ತೆರೆಯುವ ಕೀಲಿ ಮೆಡಿಕೇರ್ ಕಾರ್ಡ್. ಸ್ಟೂಡೆಂಟ್ ವೀಸಾದವರಿಗೂ ತಾತ್ಕಾಲಿಕ ಕೆಲಸದ ವೀಸಾದ ಹೆಚ್ಚಿನವರಿಗೂ ಅದು ಸಿಗುವುದಿಲ್ಲ. ಬ್ರಿಟನ್, ಇಟಲಿಯಂಥ ಕೆಲವು ದೇಶಗಳ ಜೊತೆ ಆಸ್ಟ್ರೇಲಿಯಾಕ್ಕೆ ಆರೋಗ್ಯ ಒಪ್ಪಂದ ಇದೆ, ಭಾರತದ ಜೊತೆ ಇಲ್ಲ. ವಿದ್ಯಾರ್ಥಿಗಳ ಕಡ್ಡಾಯ ಇನ್ಶೂರೆನ್ಸ್ ಐವಿಎಫ್ ಖರ್ಚು ಕೊಡುವುದಿಲ್ಲ. ಖಾಸಗಿಯಲ್ಲಿ ಒಂದು ಸುತ್ತಿಗೆ ಹತ್ತು ಸಾವಿರ ಡಾಲರ್ ದಾಟುವುದು ಸಾಮಾನ್ಯ, ಮತ್ತು ಒಂದೇ ಸುತ್ತಿನಲ್ಲಿ ಫಲ ಸಿಗುತ್ತದೆ ಎಂದು ಯಾರೂ ಗ್ಯಾರಂಟಿ ಕೊಡಲಾರರು.

"ಪಿಆರ್ ಆಗಲಿ, ಮತ್ತೆ ನೋಡುವ" ಎಂದು ವರ್ಷಗಟ್ಟಲೆ ಕಾಯುವವರು ಇಲ್ಲಿಯೇ ಎಡವುತ್ತಾರೆ. ಪರೀಕ್ಷೆಗೆ ಪಿಆರ್ ಬೇಕಾಗಿಲ್ಲ. ಚಿಕಿತ್ಸೆಗೆ ಹೋಲಿಸಿದರೆ ಮೊದಲ ಪರೀಕ್ಷೆಗಳ ಖರ್ಚು ಸಣ್ಣದು. ಥೈರಾಯ್ಡ್, ಪಿಸಿಒಡಿಯಂಥ ಎಷ್ಟೋ ಕಾರಣಗಳಿಗೆ ಮಾತ್ರೆಯಲ್ಲೇ ದಾರಿ ಉಂಟು, ಎಲ್ಲರಿಗೂ ಐವಿಎಫ್ ಬೇಕಾಗುವುದೂ ಇಲ್ಲ. ಕಾರಣ ಗೊತ್ತಾದರೆ ಕಾಯಬಹುದೋ ಕಾಯಬಾರದೋ ಎಂದಾದರೂ ತಿಳಿಯುತ್ತದೆ. ಕಾಯಂ ವೀಸಾಕ್ಕೆ ಅರ್ಜಿ ಹಾಕಿದ ಮೇಲೆ, ಅದು ಕೈಗೆ ಬರುವ ಮೊದಲೇ, ಹಲವರಿಗೆ ಮೆಡಿಕೇರ್ ಸಿಗುತ್ತದೆ. ವಿಚಾರಿಸಿ ನೋಡಿ. ಇಂಗ್ಲಿಷ್ ಕಷ್ಟವಾದರೆ ಸರಕಾರದ ದುಭಾಷಿ ಸೇವೆ 131 450ಕ್ಕೆ ಫೋನ್ ಮಾಡಿ ನಿಮ್ಮ ಭಾಷೆ ಕೇಳಿ. ಮಹಿಳಾ ಡಾಕ್ಟರೇ ಬೇಕೆಂದು ಕೇಳಲೂ ಸಂಕೋಚ ಬೇಡ.

ಊರಿಗೆ ಬಂದು ಚಿಕಿತ್ಸೆ ಮಾಡಿಸುವವರೂ ಇದ್ದಾರೆ. ಭಾರತದಲ್ಲಿ 2021ರ ಕಾಯಿದೆಯ ಪ್ರಕಾರ ಇಂಥ ಕ್ಲಿನಿಕ್‌ಗಳು ನೋಂದಣಿ ಮಾಡಿಸಿರಬೇಕು. ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವಯಸ್ಸಿನ ಮಿತಿ ಉಂಟು. ನೋಂದಣಿ ಉಂಟಾ ಎಂದು ಮೊದಲೇ ಕೇಳಿ. ಐವಿಎಫ್ ಎಂದರೆ ಹತ್ತು ಹನ್ನೆರಡು ದಿನ ಇಂಜೆಕ್ಷನ್, ನಡುನಡುವೆ ಸ್ಕ್ಯಾನಿಂಗ್, ಅಂಡಾಣು ತೆಗೆಯುವುದು, ಲ್ಯಾಬಿನಲ್ಲಿ ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು, ಮತ್ತೆ ಎರಡು ವಾರ ಕಾಯುವುದು. ಅದಕ್ಕೂ ಮೊದಲು ಪರೀಕ್ಷೆಗಳ ದಿನ ಬೇರೆ. ಹದಿನೈದು ದಿನದ ರಜೆಯಲ್ಲಿ ಮುಗಿಸಿ ಬರುವ ಕೆಲಸ ಅಲ್ಲ.

ದೀನ್ ಏನು ಹೇಳುತ್ತದೆ ಎಂಬ ಪ್ರಶ್ನೆಗೂ ಉತ್ತರ ಹೊಸದಲ್ಲ. 1980ರ ಮಾರ್ಚ್‌ನಲ್ಲಿ ಈಜಿಪ್ಟಿನಿಂದ ಫತ್ವಾ ಬಂತು. ಅದೇ ವರ್ಷ ಜೂನ್‌ನಲ್ಲಿ ಆಸ್ಟ್ರೇಲಿಯಾದ ಮೊದಲ ಪ್ರನಾಳ ಶಿಶು ಮೆಲ್ಬರ್ನ್‌ನಲ್ಲಿ ಹುಟ್ಟಿತು. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯೂ ಇದನ್ನು ಚರ್ಚಿಸಿ ತೀರ್ಮಾನ ಕೊಟ್ಟಿತು. ನಿಕಾಹ್ ಊರ್ಜಿತದಲ್ಲಿರುವ ಗಂಡಹೆಂಡತಿಯರದ್ದೇ ಅಂಡಾಣು, ವೀರ್ಯಾಣು, ಅದೇ ಹೆಂಡತಿಯ ಗರ್ಭ ಆದರೆ ಅಗತ್ಯವಿದ್ದಾಗ ಅನುಮತಿ ಉಂಟು. ಮೂರನೆಯವರು ಬರುವಂತಿಲ್ಲ. ಆಸ್ಪತ್ರೆಯ ಫಾರಂನಲ್ಲಿ ದಾನಿಯ ಬಗ್ಗೆ, ಉಳಿದ ಭ್ರೂಣ ಏನು ಮಾಡಬೇಕೆಂಬ ಬಗ್ಗೆ ಪ್ರಶ್ನೆ ಇರುತ್ತದೆ. ಓದದೆ ಸಹಿ ಹಾಕಬೇಡಿ. ಡಾಕ್ಟರಲ್ಲಿಯೂ ಕೇಳಿ, ತಿಳಿದ ಉಸ್ತಾದರಲ್ಲಿಯೂ ಕೇಳಿ. ದುಆ ಮಾಡಿ, ಖಂಡಿತ ಮಾಡಿ. ಝಕರಿಯ್ಯಾ ನೆಬಿಯವರು ಮುದಿ ವಯಸ್ಸಿನಲ್ಲಿ ಮಾಡಿದ ದುಆ ನಮಗೆಲ್ಲ ಗೊತ್ತು. ಆದರೆ ದುಆ ಮಾಡುವವನು ಪರೀಕ್ಷೆ ಮಾಡಿಸಬಾರದೆಂದು ಯಾರೂ ಹೇಳಿಲ್ಲ.

ಕೊನೆಯ ಮಾತು ಹಿರಿಯರಿಗೆ. ಚಿಕಿತ್ಸೆಯಲ್ಲಿರುವ ಹೆಣ್ಣುಮಗಳು ಬೆಳಿಗ್ಗೆ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿನ ಕ್ಯಾಶುವಲ್ ಕೆಲಸಕ್ಕೆ ಸಂಬಳದ ರಜೆ ಇಲ್ಲ, ಆಸ್ಪತ್ರೆಗೆ ಹೋದ ದಿನದ ಕೂಲಿ ಹೋಯಿತು. ಹತ್ತಿರ ಉಮ್ಮ ಇಲ್ಲ, ಗಂಜಿ ಮಾಡಿಕೊಡುವ ನೆರೆಯವರಿಲ್ಲ. ಸಂಜೆ ಫೋನ್ ಮಾಡಿದರೆ ಮತ್ತೆ ಅದೇ ಪ್ರಶ್ನೆ. ದಯವಿಟ್ಟು ಆ ಪ್ರಶ್ನೆ ನಿಲ್ಲಿಸಿ. "ಊಟ ಆಯ್ತಾ ಮಗಳೇ, ಕೆಲಸ ಹೇಗೆ ಉಂಟು" ಎಂದು ಕೇಳಿ, ಸಾಕು. ಮಗನಿಗೆ "ನೀನೂ ತೋರಿಸಿದೆಯಾ?" ಎಂದು ಕೇಳಿ. ಎರಡನೇ ಮದುವೆಯ ಮಾತು ತೆಗೆದು ಜಮಾಅತ್‌ಗೆ ಬರುವವರಲ್ಲಿ ಮುಖಂಡರು ಮೊದಲು ಒಂದು ವಿಷಯ ವಿಚಾರಿಸಲಿ, ಗಂಡನ ಪರೀಕ್ಷೆ ಆಗಿದೆಯೇ? ಆಗಿಲ್ಲವಾದರೆ ಮೊದಲು ಮಾಡಿಸಿ ಬರಲಿ. ಮದುವೆಗೂ ಮನೆಗೂ ಸಹಾಯ ಮಾಡುವ ನಮ್ಮ ಸಂಘಟನೆಗಳು ಇಂಥ ಜೋಡಿಯ ಮೊದಲ ಪರೀಕ್ಷೆಯ ಖರ್ಚನ್ನೂ, ಹೆಸರು ಹೊರಗೆ ಬಾರದಂತೆ, ವಹಿಸಿಕೊಳ್ಳಬಹುದು. ದೊಡ್ಡ ಮೊತ್ತ ಏನೂ ಅಲ್ಲ.

ಎಲ್ಲ ಮಾಡಿಯೂ ಕೆಲವರಿಗೆ ಮಕ್ಕಳಾಗುವುದಿಲ್ಲ. ಆಯಿಶಾ ಬೀವಿಯವರಿಗೆ ಮಕ್ಕಳಿರಲಿಲ್ಲ. ಅಕ್ಕನ ಮಗ ಅಬ್ದುಲ್ಲಾರ ಹೆಸರಿನಲ್ಲಿ ಅವರನ್ನು ಉಮ್ಮು ಅಬ್ದುಲ್ಲಾ ಎಂದು ಕರೆಯಲಾಗುತ್ತಿತ್ತು. ವಿಶ್ವಾಸಿಗಳ ಮಾತೆ ಎಂದು ಇಂದಿಗೂ ನಾವು ಅವರನ್ನು ಗೌರವಿಸುತ್ತೇವೆ. ಹಾಗಿರುವಾಗ ಮಗುವಿಲ್ಲದ ನಮ್ಮ ಮನೆಯ ಸೊಸೆಯನ್ನು ತೊಟ್ಟಿಲು ಕಟ್ಟುವ ಮನೆಗೆ ಕರೆಯದೆ ಬಿಡುವ ಹಕ್ಕು ನಮಗೆ ಎಲ್ಲಿಂದ ಬಂತು? ಅವಳನ್ನೂ ಕರೆಯಿರಿ, ಮಗುವನ್ನು ಅವಳ ಕೈಗೂ ಕೊಡಿ.

ಸಂತಾನ ಬಯಸುವ ಎಲ್ಲರ ಆಸೆಯನ್ನು ಅಲ್ಲಾಹು ಪೂರೈಸಲಿ, ಕಾಯುತ್ತಿರುವವರಿಗೆ ಸಹನೆ ಕೊಡಲಿ. ಆಮೀನ್.