ಒಂದೇ ಒಂದು ಬಿಸ್ಕತ್ತು

ಪುಟಾಣಿಗಳೇ, ಈ ವಾರ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ನಿಮ್ಮ ಅಜ್ಜ-ಅಜ್ಜಿಗೂ ಓದಿ ಹೇಳಿ.

ಬ್ರೆಜಿಲಿನಲ್ಲಿರುವ ಮಗನ ಮನೆಗೆ ಹೋದಾಗ ಎಲ್ಲರೂ ಇಗ್ವಾಸು ಜಲಪಾತ ನೋಡಲು ಹೊರಟೆವು. ಬ್ರೆಜಿಲ್ ಮತ್ತು ಅರ್ಜೆಂಟೀನಾ ಗಡಿಯಲ್ಲಿ ಸುಮಾರು 275 ಧಾರೆಗಳಾಗಿ ನೀರು ಧುಮುಕುತ್ತದೆ. ಸುತ್ತಲೂ ದಟ್ಟ ಮಳೆಕಾಡು. ಆ ಕಾಡಿನಿಂದ ಬಾಲಗಳ ಮೆರವಣಿಗೆಯೊಂದು ಹೊರಬಂತು! ಬಾವುಟದ ಹಾಗೆ ನೆಟ್ಟಗೆ ನಿಂತ, ಪಟ್ಟೆಪಟ್ಟೆಯ ಬಾಲಗಳು. ಮುಂದೆ ಉದ್ದನೆಯ, ಅತ್ತಿತ್ತ ಆಡುವ ಮೂತಿಗಳು.

ಇವೇ ಕೋಆಟಿಗಳು. ‘ಕೋಟಿ’ ಅಲ್ಲ, ಕೋ-ಆಟಿ! ರಕೂನಿನ ಬಳಗದ ಪ್ರಾಣಿ. ಮೂತಿಯಿಂದ ತರಗೆಲೆ ಕೆದಕಿ ಹುಳು, ಜೇಡ ಹುಡುಕುತ್ತದೆ, ಮರದ ಹಣ್ಣನ್ನೂ ತಿನ್ನುತ್ತದೆ. ಹಿಂಗಾಲಿನ ಹರಡನ್ನು ಹಿಂದಕ್ಕೆ ತಿರುಗಿಸಿ ತಲೆಕೆಳಗಾಗಿ ಮರ ಇಳಿಯುತ್ತದೆ. ರಾತ್ರಿ ನಿದ್ದೆಯೂ ಮರದ ಮೇಲೆಯೇ.

ಗುಂಪಿನಲ್ಲಿ ಇರುವುದು ತಾಯಂದಿರು ಮತ್ತು ಮರಿಗಳು. ದೊಡ್ಡ ಗಂಡುಗಳು ಹೆಚ್ಚಾಗಿ ಒಂಟಿ. ಆ ಒಂಟಿ ಗಂಡನ್ನು ಬೇರೆಯೇ ಜಾತಿಯ ಪ್ರಾಣಿ ಎಂದು ಒಂದು ಕಾಲದಲ್ಲಿ ತಜ್ಞರೂ ತಿಳಿದಿದ್ದರು! ಹೆರಿಗೆ ಹತ್ತಿರವಾದಾಗ ತಾಯಿ ಗುಂಪು ಬಿಟ್ಟು ಮರದಲ್ಲಿ ಗೂಡು ಕಟ್ಟುತ್ತಾಳೆ. ಕೆಲವು ವಾರಗಳ ನಂತರ ಮರಿಗಳೊಂದಿಗೆ ಗುಂಪಿಗೆ ಮರಳುತ್ತಾಳೆ.

ದಾರಿಯಲ್ಲಿ ‘ತಿಂಡಿ ಕೊಡಬೇಡಿ’ ಎಂಬ ಫಲಕವಿತ್ತು. ಅದರಲ್ಲಿ ಗಾಯವಾದ ಕೈಯ ಚಿತ್ರ. ಎಂಟು ವರ್ಷದ ಮೊಮ್ಮಗಳು ಅದನ್ನು ಓದಿ ನನಗೆ ಹೇಳಿದಳು. ನನ್ನದೋ, ಊರಿನ ಬೆಟ್ಟದ ಗುಡಿಯಲ್ಲಿ ಮಂಗಗಳಿಗೆ ಬಾಳೆಹಣ್ಣು ಕೊಟ್ಟು ರೂಢಿಯಾದ ಕೈ. “ಪಾಪ, ಒಂದೇ ಒಂದು ಬಿಸ್ಕತ್ತು ಕಣೇ” ಎಂದು ಚಾಚಿದೆ.

ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಕೋಆಟಿಗಳು ಮುತ್ತಿದವು. ಪೊಟ್ಟಣ ಇದ್ದದ್ದು ಮೊಮ್ಮಗಳ ಚೀಲದಲ್ಲಿ. ಒಂದು ಅದಕ್ಕೇ ಹಾರಿತು. ಅದರ ಉಗುರು ಅವಳ ಮುಂಗೈಯನ್ನು ಗೀರಿತು. ರಕ್ತ ಬಂತು. ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರ ಬಳಿಗೆ ಓಡಿದೆವು. ಕಾಡುಪ್ರಾಣಿ ಕಚ್ಚಿದರೆ, ಪರಚಿದರೆ ರೇಬೀಸ್ ಭಯವಿರುತ್ತದೆ, ತಡ ಮಾಡಬಾರದು. ನಾನು ಕೊಟ್ಟ ಬಿಸ್ಕತ್ತಿಗೆ ಅವಳು ಚುಚ್ಚುಮದ್ದು ಚುಚ್ಚಿಸಿಕೊಂಡಳು.

ಕೋಆಟಿಯದೇನು ತಪ್ಪು? ಕೊಡುವ ಕೈ ಕಂಡು ಕಂಡು ಅದು ಕಸಿಯುವುದನ್ನು ಕಲಿತಿದೆ. ನಮ್ಮ ತಿಂಡಿಯ ರುಚಿ ಹತ್ತಿದ ಪ್ರಾಣಿ ಕಾಡಿನ ಊಟ ಬಿಟ್ಟು ರಸ್ತೆಗೆ ಬರುತ್ತದೆ, ವಾಹನಕ್ಕೆ ಸಿಕ್ಕುತ್ತದೆ. ಸಿಹಿ, ಕರಿದ ತಿಂಡಿ ಅದರ ಆರೋಗ್ಯವನ್ನೂ ಕೆಡಿಸುತ್ತದೆ. ಮರಿಗಳು ತಾಯಿಯನ್ನು ನೋಡಿಯೇ ಕಲಿಯುವುದಲ್ಲವೇ?

ವಾಪಸು ಬರುವಾಗ ಮೊಮ್ಮಗಳು ಬ್ಯಾಂಡೇಜಿನ ಕೈ ನನ್ನ ಕೈಯಲ್ಲಿಟ್ಟು, “ಇನ್ಮೇಲೆ ಬೋರ್ಡು ನಾನು ಓದ್ತೀನಿ, ನೀನು ಕೇಳ್ಬೇಕು” ಎಂದಳು. ನಾನು ಹ್ಞೂಂ ಎಂದೆ.

ಕಳೆದ ಶನಿವಾರ ಬೆಟ್ಟದ ಗುಡಿಗೆ ಹೋಗಿದ್ದೆ. ಮಂಗಗಳು ಸಾಲಾಗಿ ಕುಳಿತು ನೋಡಿದವು. ಬಾಳೆಹಣ್ಣು ಚೀಲದಲ್ಲೇ ಮನೆಗೆ ವಾಪಸು ಬಂತು.